ಬೇಲಿ ದಾಟಿದ ಗೊಂಬೆ ಕೋಳಿಗಳು

ಒಮ್ಮೆ ಕಣ್ಣು ಮಿಟುಕಿಸಿ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು? ಹೆಚ್ಚೆಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಈಗ ಇದೇ ಕೆಲಸವನ್ನು ಮೇಜಿನ ಮೇಲೆ ನಿಂತಿರುವ ಒಂದು ಗೊಂಬೆ ಕೋಳಿಯಿಂದ ಮಾಡಿಸಬೇಕು ಎಂದುಕೊಳ್ಳಿ. ರೆಪ್ಪೆಯನ್ನು ಕೂದಲೆಳೆಯಷ್ಟು ಇಳಿಸಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆಯಬೇಕು. ರೆಪ್ಪೆಯನ್ನು ಇನ್ನಷ್ಟು ಇಳಿಸಬೇಕು, ಮತ್ತೊಂದು ಚಿತ್ರ ತೆಗೆಯಬೇಕು. ಹೀಗೆ ಏಳೆಂಟು ಚಿತ್ರಗಳು ಸೇರಿದರೆ ಒಂದು ಮಿಟುಕು! ಈ ವಿಧಾನಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು.

2000ರಲ್ಲಿ ಬಿಡುಗಡೆಯಾದ 'ಚಿಕನ್ ರನ್' ಇಡಿಯಾಗಿ ಈ ವಿಧಾನದಲ್ಲೇ ತಯಾರಾದ ಚಲನಚಿತ್ರ. ಅದರ ಅವಧಿ 84 ನಿಮಿಷ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಲೆಕ್ಕ ಹಾಕಿದರೆ ಸುಮಾರು 1,20,000 ಚೌಕಟ್ಟುಗಳಾಗುತ್ತವೆ. ಹತ್ತಾರು ಕಲಾವಿದರು ಬೇರೆ ಬೇರೆ ಮೇಜುಗಳಲ್ಲಿ ಒಟ್ಟಿಗೆ ದುಡಿದರೂ ವಾರಕ್ಕೆ ಸಿದ್ಧವಾಗುತ್ತಿದ್ದದ್ದು ಸುಮಾರು ಒಂದು ನಿಮಿಷದ ಚಿತ್ರ ಮಾತ್ರ. ಇಷ್ಟು ತಾಳ್ಮೆಯಿಂದ ಅವರು ಹೇಳಿದ ಕಥೆ ಯಾವುದು? ಮೇಲ್ನೋಟಕ್ಕೆ, ಕೋಳಿಗಳು ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡು ಹೋಗುವ ಮಕ್ಕಳ ಕಥೆ. ಆದರೆ ಅದರೊಳಗೆ ಒಂದು ಗಂಭೀರ ಪ್ರಶ್ನೆಯಿದೆ. ಒಂದು ಜೀವದ ಬೆಲೆಯನ್ನು ಅದು ಕೊಡುವ ಉತ್ಪನ್ನದ ಲೆಕ್ಕದಿಂದಷ್ಟೇ ಅಳೆಯಬಹುದೆ? ಈ ಪ್ರಶ್ನೆಯನ್ನು ಕೇಳಲು ಗೊಂಬೆಗಳೇ ಏಕೆ ಬೇಕಾದವು ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸದ ಕಡೆಗೆ ಹೋಗೋಣ.

ನಿಂತದ್ದು ಚಲಿಸುವುದು ಹೇಗೆ?

ಬಿಡಿ ಚಿತ್ರಗಳು ಚಲಿಸಿದಂತೆ ಕಾಣುವುದೇಕೆ? ದೃಷ್ಟಿ ಸಾತತ್ಯದಿಂದ ಎಂದು ಅನೇಕ ಪುಸ್ತಕಗಳಲ್ಲಿ ಓದಿರುತ್ತೀರಿ. ಅಂದರೆ, ಕಂಡ ಚಿತ್ರದ ಅಚ್ಚು ಅಕ್ಷಿಪಟಲದ ಮೇಲೆ ಕ್ಷಣಕಾಲ ಉಳಿಯುತ್ತದೆ ಎಂಬ ವಿವರಣೆ. ಇದು ಅರ್ಧ ಉತ್ತರ ಮಾತ್ರ. ಅಚ್ಚು ಉಳಿಯುವುದೊಂದೇ ಕಾರಣವಾಗಿದ್ದರೆ ಒಂದರ ಮೇಲೊಂದು ಚಿತ್ರ ಬಿದ್ದು ಕಲಸಿಹೋದಂತೆ ಕಾಣಬೇಕಿತ್ತು. ನಿಜವಾದ ಕೆಲಸ ನಡೆಯುವುದು ಮಿದುಳಿನಲ್ಲಿ. ಒಂದು ಕಡೆ ಇದ್ದ ವಸ್ತು ಮರುಕ್ಷಣ ಪಕ್ಕದಲ್ಲಿ ಕಂಡರೆ, ಅದು ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ಮಿದುಳು ತಾನೇ ತೀರ್ಮಾನಿಸುತ್ತದೆ. ಈ ತೋರಿಕೆಯ ಚಲನೆಯನ್ನು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ಪ್ರಯೋಗಗಳ ಮೂಲಕ ಪರೀಕ್ಷಿಸಿ 1912ರಲ್ಲಿ ಪ್ರಬಂಧ ಪ್ರಕಟಿಸಿದರು.

ಗೊಂಬೆಯನ್ನು ಸರಿಸುವಾತ ಈ ಮಿದುಳಿಗೆ ಮೋಸವಾಗದಂತೆ ಲೆಕ್ಕ ಹಾಕಬೇಕು. ಒಂದು ಮೊಟ್ಟೆ ಮೇಜಿನಿಂದ ಬೀಳುವ ದೃಶ್ಯವಿದೆ ಎನ್ನಿ. ಸೆಕೆಂಡಿಗೆ 12 ಸ್ಥಾನಗಳನ್ನು ಚಿತ್ರಿಸುವುದಾದರೆ ಮೊದಲ ಅಂತರ ಸುಮಾರು 3.4 ಸೆಂ.ಮೀ., ಎರಡನೆಯದು 10.2 ಸೆಂ.ಮೀ., ಮೂರನೆಯದು 17 ಸೆಂ.ಮೀ. ಇರಬೇಕು. ಈ ಅಂತರಗಳ ಪ್ರಮಾಣ 1:3:5. ಗೆಲಿಲಿಯೋ ಕಂಡುಕೊಂಡ ಬೆಸ ಸಂಖ್ಯೆಗಳ ನಿಯಮವೇ ಇದು! ಗೊಂಬೆಯ ಜಗತ್ತು ನಿಜವಾದ ಅಳತೆಯ ಐದನೇ ಒಂದು ಭಾಗದಷ್ಟಿದ್ದರೆ ಈ ಅಂತರಗಳನ್ನೂ ಐದರಿಂದ ಭಾಗಿಸಬೇಕು. ಅಂತರಗಳನ್ನು ಸಮನಾಗಿ ಇಟ್ಟರೆ ಮೊಟ್ಟೆ ಬೀಳುವುದಿಲ್ಲ. ಲಿಫ್ಟಿನಲ್ಲಿ ಇಳಿದಂತೆ ಇಳಿಯುತ್ತದೆ.

ಇನ್ನೊಂದು ವಿಶೇಷವನ್ನೂ ಗಮನಿಸಿ. ಓಡುತ್ತಿರುವ ಮನುಷ್ಯನನ್ನು ಸಾಮಾನ್ಯ ಕ್ಯಾಮೆರಾದಲ್ಲಿ ಚಿತ್ರಿಸಿದರೆ ಪ್ರತಿ ಚೌಕಟ್ಟಿನಲ್ಲೂ ಅವನ ಕೈಕಾಲು ಸ್ವಲ್ಪ ಮಸುಕಾಗಿರುತ್ತದೆ. ಏಕೆಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತಿನಲ್ಲೂ ಅವನು ಚಲಿಸುತ್ತಿರುತ್ತಾನೆ. ಗೊಂಬೆ ಹಾಗಲ್ಲ, ಚಿತ್ರ ತೆಗೆಯುವಾಗ ಅದು ನಿಂತೇ ಇರುತ್ತದೆ. ಆದ್ದರಿಂದ ಪ್ರತಿ ಚೌಕಟ್ಟೂ ಸ್ಪಷ್ಟ. ಸ್ಟಾಪ್ ಮೋಷನ್ ಚಿತ್ರಗಳಲ್ಲಿ ಕಾಣುವ ಸಣ್ಣ ಅದುರಿಗೆ ಇದೂ ಒಂದು ಕಾರಣ.

ಸತ್ತ ಜೀರುಂಡೆಗಳು, ಬಟಾಣಿ ಬಳ್ಳಿ

ಈ ಕಲೆಗೆ ಬಹು ಹಿಂದೆಯೇ ವಿಜ್ಞಾನದ ನಂಟು ಬಂತು. ಲಾಡಿಸ್ಲಾಸ್ ಸ್ಟಾರೆವಿಚ್ ಲಿಥುವೇನಿಯದ ಕೌನಸ್ ನಗರದ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿದ್ದವರು, ಕೀಟಗಳಲ್ಲಿ ಆಸಕ್ತಿಯುಳ್ಳವರು. ಸಾರಂಗದ ಕೊಂಬಿನಂಥ ದವಡೆಗಳಿರುವ ಗಂಡು ಜೀರುಂಡೆಗಳು ಕಾದಾಡುವುದನ್ನು ಚಿತ್ರಿಸಲು ಅವರು ಹೊರಟರು. ಆದರೆ ಇವು ನಿಶಾಚರಿ ಕೀಟಗಳು. ದೀಪದ ಪ್ರಖರ ಬೆಳಕಿನಲ್ಲಿ ಕಾದಾಡುವುದಿರಲಿ, ಅಲುಗಾಡುವುದನ್ನೇ ನಿಲ್ಲಿಸಿದವು. ಆಗ ಅವರು ಸತ್ತ ಜೀರುಂಡೆಗಳ ಕಾಲುಗಳನ್ನು ತಂತಿ ಮತ್ತು ಮೇಣದಿಂದ ಜೋಡಿಸಿ, ಒಂದೊಂದೇ ಭಂಗಿಯನ್ನು ಬದಲಿಸುತ್ತ 1910ರಲ್ಲಿ ಕಾದಾಟದ ಚಿತ್ರ ತಯಾರಿಸಿದರು. 1912ರಲ್ಲಿ ಬಂದ ಅವರ 'ಕ್ಯಾಮೆರಾಮನ್ನನ ಸೇಡು' ಚಿತ್ರದಲ್ಲಿ ಜೀರುಂಡೆ ದಂಪತಿಗಳು ಒಬ್ಬರಿಗೊಬ್ಬರು ಮೋಸ ಮಾಡುತ್ತಾರೆ, ಮಿಡತೆಯೊಂದು ಅದನ್ನು ಚಿತ್ರಿಸಿ ಎಲ್ಲರೆದುರು ತೋರಿಸುತ್ತದೆ. ಕೀಟಗಳ ನೆಪದಲ್ಲಿ ಅಂದಿನ ಸಂಭಾವಿತ ಸಮಾಜದ ಸೋಗನ್ನು ಬಯಲಿಗೆಳೆದ ಚಿತ್ರ ಅದು.

ಅದೇ 1912ರಲ್ಲಿ ನಮ್ಮ ದೇಶದಲ್ಲೂ ಒಂದು ಪ್ರಯೋಗ ನಡೆಯಿತು. ದಾದಾಸಾಹೇಬ್ ಫಾಲ್ಕೆ ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಎದುರು ಕ್ಯಾಮೆರಾ ಇಟ್ಟು, ಮೊಳಕೆಯೊಡೆದು ಬಳ್ಳಿಯಾಗುವವರೆಗೂ ಬಿಡಿ ಬಿಡಿ ಚೌಕಟ್ಟುಗಳಲ್ಲಿ ಚಿತ್ರಿಸಿದರು. ಇದನ್ನು ತೋರಿಸಿಯೇ ಅವರು ಮುಂದಿನ ಚಿತ್ರಕ್ಕೆ ಹಣ ಕೊಡುವವರನ್ನು ಒಪ್ಪಿಸಿದ್ದು. ಆ ಮುಂದಿನ ಚಿತ್ರವೇ 1913ರ 'ರಾಜಾ ಹರಿಶ್ಚಂದ್ರ'. ಬಟಾಣಿ ಬಳ್ಳಿ ತಾನಾಗಿ ಬೆಳೆಯಿತು, ಜೀರುಂಡೆಯ ಕಾಲನ್ನು ಕೈಯಿಂದ ಸರಿಸಲಾಯಿತು. ವ್ಯತ್ಯಾಸ ಅಷ್ಟೆ. ಒಂದೊಂದೇ ಚೌಕಟ್ಟನ್ನು ಚಿತ್ರಿಸುವ ಉಪಾಯ ಎರಡರಲ್ಲೂ ಒಂದೇ.

ಗೊಂಬೆಗೆ ಸಿಕ್ಕ ಸ್ವಾತಂತ್ರ್ಯ

ಮನುಷ್ಯ ಹೇಳಿದರೆ ಅಪಾಯವಾಗುವ ಮಾತನ್ನು ಗೊಂಬೆ ಹೇಳಿಬಿಡಬಹುದು. ಪ್ರಾಣಿಗಳ ಬಾಯಲ್ಲಿ ನೀತಿ ಹೇಳಿಸಿದ ಪಂಚತಂತ್ರದ ಕಾಲದಿಂದಲೂ ನಮಗೆ ಇದು ಗೊತ್ತು. ಚೆಕೊಸ್ಲೊವಾಕಿಯದ ಯಿರ್ಝಿ ಟ್ರಂಕ ಅವರ 'ಕೈ' (1965) ಇದಕ್ಕೆ ಉತ್ತಮ ಉದಾಹರಣೆ. ಅದರಲ್ಲಿ ಬಡ ಕುಂಬಾರನೊಬ್ಬ ತನ್ನ ಗಿಡಕ್ಕೆ ಕುಂಡ ಮಾಡಿಕೊಂಡು ಸುಖವಾಗಿದ್ದಾನೆ. ಒಂದು ದೊಡ್ಡ ಕೈ ಮನೆಗೆ ನುಗ್ಗಿ, ಕುಂಡ ಬೇಡ, ನನ್ನ ಪ್ರತಿಮೆ ಮಾಡು ಎಂದು ಒತ್ತಾಯಿಸುತ್ತದೆ. ಕೊನೆಗೆ ಕುಂಬಾರ ಸಾಯುತ್ತಾನೆ, ಕೈಯೇ ಅವನಿಗೆ ಅದ್ದೂರಿಯ ಅಂತ್ಯಸಂಸ್ಕಾರ ಮಾಡುತ್ತದೆ! ಟ್ರಂಕ 1969ರಲ್ಲಿ ತೀರಿಕೊಂಡರು. ಅನಂತರ ಅಲ್ಲಿನ ಸರ್ಕಾರ ಈ ಚಿತ್ರದ ಪ್ರದರ್ಶನವನ್ನು ತಡೆಯಿತು. 18 ನಿಮಿಷಗಳ ಗೊಂಬೆ ಚಿತ್ರಕ್ಕೆ ಸರ್ಕಾರ ಅಂಜಿತೆಂದರೆ ಗೊಂಬೆಯ ಮಾತು ಎಷ್ಟು ನೇರವಾಗಿ ನಾಟಿರಬೇಕು, ಯೋಚಿಸಿ.

'ಚಿಕನ್ ರನ್' ತಯಾರಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆ. ಶಾಲಾ ಗೆಳೆಯರಾದ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ 1972ರಲ್ಲಿ ಇದನ್ನು ಆರಂಭಿಸಿದರು. 1985ರಲ್ಲಿ ನಿಕ್ ಪಾರ್ಕ್ ಬಂದು ಸೇರಿದರು. ಪಾರ್ಕ್ ಅವರ 'ಕ್ರೀಚರ್ ಕಂಫರ್ಟ್ಸ್' (1989) ಎಂಬ ಕಿರುಚಿತ್ರದ ತಂತ್ರ ಸ್ವಾರಸ್ಯದ್ದು. ಸಾಮಾನ್ಯ ಜನರನ್ನು ತಮ್ಮ ವಾಸದ ಮನೆ, ಪರಿಸರದ ಬಗ್ಗೆ ಮಾತನಾಡಿಸಿ ಧ್ವನಿಮುದ್ರಿಸಿದರು. ಆ ಮಾತುಗಳನ್ನು ಮೃಗಾಲಯದ ಪ್ರಾಣಿಗಳ ಬಾಯಿಗೆ ಜೋಡಿಸಿದರು. ಜಾಗ ಸಾಲದು, ಚಳಿ ಹೆಚ್ಚು ಎಂದು ಮನುಷ್ಯರು ಆಡಿದ ಮಾತು ಬೋನಿನೊಳಗಿನ ಪ್ರಾಣಿಯ ಬಾಯಲ್ಲಿ ಬಂದಾಗ ನಗು ಬರುತ್ತದೆ. ನಕ್ಕ ಮೇಲೆ, ಬೋನಿನಲ್ಲಿರುವುದು ಯಾರು ಎಂಬ ಸಂಶಯವೂ ಬರುತ್ತದೆ. ಈ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಬೋನಿನ ಒಳಗೂ ಮನುಷ್ಯರ ಮಾತೇ ಕೇಳಿಸುವ ಈ ಉಪಾಯವೇ ಮುಂದೆ ಕೋಳಿಗಳ ಕಥೆಗೆ ದಾರಿಯಾಯಿತು.

ಕೋಳಿಯ ಅಂಗರಚನೆ

ಗೊಂಬೆಯ ಮುಖ್ಯ ಸಾಮಗ್ರಿ ಪ್ಲಾಸ್ಟಿಸಿನ್. ಬ್ರಿಸ್ಟಲ್‌ಗೆ ಹತ್ತಿರದ ಬಾತ್ ಪಟ್ಟಣದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ವಿಲಿಯಂ ಹಾರ್ಬಟ್ 1897ರಲ್ಲಿ ಇದನ್ನು ರೂಪಿಸಿದರು. ಜೇಡಿಮಣ್ಣಿನಲ್ಲಿ ನೀರಿರುತ್ತದೆ, ನೀರು ಆರಿದರೆ ಮಣ್ಣು ಬಿರಿಯುತ್ತದೆ. ಪ್ಲಾಸ್ಟಿಸಿನ್‌ನಲ್ಲಿ ಕ್ಯಾಲ್ಸಿಯಂ ಲವಣಗಳನ್ನು ಪೆಟ್ರೋಲಿಯಂ ಜೆಲ್ಲಿ ಮತ್ತು ಕೊಬ್ಬಿನ ಆಮ್ಲಗಳೊಂದಿಗೆ ಕಲಸಿರುವುದರಿಂದ ಅದು ಒಣಗುವುದೇ ಇಲ್ಲ. ವಾರಗಟ್ಟಲೆ ತಿದ್ದುತ್ತಿರಬಹುದು. ಆದರೆ ದೀಪಗಳ ಬಿಸಿಗೆ ಮೆತ್ತಗಾಗುತ್ತದೆ, ಮುಟ್ಟಿದಲ್ಲೆಲ್ಲ ಬೆರಳಿನ ಗುರುತು ಮೂಡುತ್ತದೆ, ಭಾರವೂ ಹೆಚ್ಚು.

ದಪ್ಪ ಹೊಟ್ಟೆ, ಸಣಕಲು ಕಾಲುಗಳ ಕೋಳಿಯನ್ನು ಪೂರ್ತಿ ಪ್ಲಾಸ್ಟಿಸಿನ್‌ನಲ್ಲಿ ಮಾಡಿದರೆ ನಿಲ್ಲುವುದೆಂತು? ಅದಕ್ಕೆ ಒಳಗೆ ಉಕ್ಕಿನ ಅಸ್ಥಿಪಂಜರ ಇರಿಸಿದರು. ಅದರಲ್ಲಿ ನಮ್ಮ ಭುಜದ ಕೀಲಿನಂತೆ ಎಲ್ಲ ಕಡೆಗೂ ತಿರುಗುವ ಪುಟ್ಟ ಕೀಲುಗಳು. ಮೈಗೆ ಹಗುರವಾದ ಸಿಲಿಕೋನಿನ ಹೊದಿಕೆ. ಭಾವನೆ ತೋರಿಸಬೇಕಾದ ಮುಖ ಮತ್ತು ರೆಕ್ಕೆಗಳಿಗೆ ಪ್ಲಾಸ್ಟಿಸಿನ್. ತಲೆಗೂ ಮೈಗೂ ನಡುವಿನ ಬೆಸುಗೆ ಕಾಣಬಾರದಲ್ಲ! ಅದಕ್ಕೇ ಕೋಳಿಗಳ ಕೊರಳಿಗೆ ವಸ್ತ್ರ, ಸರ ಬಂದವು. ಆ ಅಲಂಕಾರದಿಂದಲೇ ಒಂದು ಕೋಳಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಲೂ ಸಾಧ್ಯವಾಯಿತು. ಕಥೆಗೂ ಇದು ಮುಖ್ಯ. ಮಾಲೀಕರ ಕಣ್ಣಿಗೆ ಎಲ್ಲ ಕೋಳಿಗಳೂ ಒಂದೇ. ನೋಡುವ ನಮಗೆ ಮಾತ್ರ ಪ್ರತಿಯೊಂದೂ ಬೇರೆ.

ಮೊಟ್ಟೆಯ ಲೆಕ್ಕ

ಕಥೆ ನಡೆಯುವುದು 1950ರ ದಶಕದ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ಟ್ವೀಡಿ ದಂಪತಿಗಳ ಕೋಳಿ ಸಾಕಣೆ ಕೇಂದ್ರ. ಸುತ್ತ ತಂತಿಬೇಲಿ, ಸಾಲು ಸಾಲು ಮರದ ಗೂಡುಗಳು, ರಾತ್ರಿ ಕಾವಲಿಗೆ ನಾಯಿಗಳು. ಇಂಗ್ಲಿಷಿನಲ್ಲಿ 'ರನ್' ಎಂದರೆ ಓಟವೂ ಹೌದು, ಕೋಳಿ ಅಡ್ಡಾಡಲು ಬೇಲಿ ಹಾಕಿದ ಅಂಗಳವೂ ಹೌದು. ಬಂಧನ, ಬಿಡುಗಡೆ ಎರಡೂ ಹೆಸರಿನಲ್ಲೇ ಇವೆ.

ಎರಡನೇ ಮಹಾಯುದ್ಧದ ಸೆರೆಯಾಳುಗಳ ಶಿಬಿರವನ್ನು ನೆನಪಿಸುವಂತೆ ನಿರ್ದೇಶಕರಾದ ಲಾರ್ಡ್ ಮತ್ತು ಪಾರ್ಕ್ ಬೇಕೆಂದೇ ಈ ಕೇಂದ್ರವನ್ನು ರೂಪಿಸಿದ್ದಾರೆ. 1963ರ 'ದಿ ಗ್ರೇಟ್ ಎಸ್ಕೇಪ್' ಚಿತ್ರದ ಛಾಯೆ ಇಲ್ಲಿ ಸ್ಪಷ್ಟ. ಆ ಚಿತ್ರಕ್ಕೆ ಆಧಾರವಾದ ಘಟನೆ 1944ರಲ್ಲಿ ಜರ್ಮನರ ಶಿಬಿರವೊಂದರಲ್ಲಿ ನಡೆದದ್ದು. ಸುರಂಗ ಕೊರೆದು 76 ಮಂದಿ ಹೊರಬಿದ್ದರು. ಪೂರ್ತಿ ಪಾರಾದವರು ಮೂವರು. ಸಿಕ್ಕಿಬಿದ್ದವರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಕೋಳಿಗಳ ತಮಾಷೆಯ ಹಿಂದೆ ಇಂಥ ನೆನಪಿದೆ.

ಕೇಂದ್ರದಲ್ಲಿ ಪ್ರತಿ ಕೋಳಿಯ ಮೊಟ್ಟೆಗೂ ಲೆಕ್ಕವುಂಟು. ಎಡ್ವಿನಾ ಎಂಬ ಹೇಂಟೆ ಕೆಲವು ದಿನ ಮೊಟ್ಟೆ ಇಡಲಿಲ್ಲ. ಮಾಲೀಕಳು ಕೊಡಲಿ ಎತ್ತಿಕೊಂಡಳು. ಆ ಏಟು ನಮಗೆ ಕಾಣುವುದಿಲ್ಲ. ಗೋಡೆಯ ಮೇಲಿನ ನೆರಳು, ಸದ್ದು, ಸುತ್ತ ನಿಂತ ಕೋಳಿಗಳ ಮುಖ ಇಷ್ಟೇ ಕಾಣುತ್ತವೆ. ಆಮೇಲೆ ಜಿಂಜರ್ ಎಂಬ ಹೇಂಟೆ ಕೇಳುತ್ತದೆ, ಹೆಚ್ಚು ಮೊಟ್ಟೆಯಿಡುವ ಬಂಟಿ ತನ್ನದರಲ್ಲಿ ಒಂದೆರಡನ್ನು ಎಡ್ವಿನಾಳ ಗೂಡಿಗೆ ಇಡಬಹುದಿತ್ತಲ್ಲ ಎಂದು. ಗೊತ್ತಿದ್ದರೆ ಖಂಡಿತ ಕೊಡುತ್ತಿದ್ದೆ, ಆದರೆ ಅವಳು ಯಾರಿಗೂ ಹೇಳಲೇ ಇಲ್ಲ ಎನ್ನುತ್ತದೆ ಬಂಟಿ. ನನಗೆ ಇಡೀ ಚಿತ್ರದ ಜೀವಾಳ ಇಲ್ಲಿದೆ ಎನಿಸುತ್ತದೆ. ಎಡ್ವಿನಾಳನ್ನು ಕೊಂದದ್ದು ಕೊಡಲಿ ನಿಜ. ಆದರೆ ತನ್ನ ಕಷ್ಟವನ್ನು ನೆರೆಯವರಿಗೆ ಹೇಳಿಕೊಳ್ಳಲೂ ನಾಚಿಕೊಳ್ಳುವಂತೆ ಮಾಡಿದ ಆ ಲೆಕ್ಕದ ಪುಸ್ತಕದ ಪಾಲೂ ಅದರಲ್ಲಿ ಇದೆಯಲ್ಲವೆ?

ಮುಂದೆ ಟ್ವೀಡಿಯ ಹೆಂಡತಿಗೆ ಮೊಟ್ಟೆಯ ಲಾಭವೂ ಸಾಲದಾಗುತ್ತದೆ. ಕೋಳಿಮಾಂಸದ ಪೈ ತಯಾರಿಸುವ ಯಂತ್ರವನ್ನು ಅವಳು ತರಿಸುತ್ತಾಳೆ. ಪೈ ಎಂದರೆ ಹಿಟ್ಟಿನ ಹೊದಿಕೆಯೊಳಗೆ ಮಾಂಸದ ಹೂರಣ ತುಂಬಿ ಬೇಯಿಸುವ ತಿಂಡಿ. ಯಂತ್ರದ ಒಂದು ತುದಿಗೆ ಕೋಳಿ ಹಾಕಿದರೆ ಇನ್ನೊಂದು ತುದಿಯಲ್ಲಿ ಪೈ. ಕೋಳಿಗಳಿಗೆ ಇದ್ದಕ್ಕಿದ್ದಂತೆ ಹೆಚ್ಚು ಮೇವು ಸಿಗತೊಡಗುತ್ತದೆ. ಎಲ್ಲವೂ ಸಂತೋಷದಿಂದ ತಿನ್ನುತ್ತಿರುವಾಗ ಈ ಔದಾರ್ಯದ ಅರ್ಥ ಜಿಂಜರ್‌ಗೆ ಮಾತ್ರ ಹೊಳೆಯುತ್ತದೆ.

ನಿಜವಾದ ಇತಿಹಾಸ

ಕಥೆಯ ಕಾಲವಾಗಿ 1950ರ ದಶಕವನ್ನು ಆರಿಸಿದ್ದು ಅರ್ಥಪೂರ್ಣ. ಬ್ರಿಟನ್ನಿನಲ್ಲಿ ಯುದ್ಧಕಾಲದ ಮೊಟ್ಟೆ ಪಡಿತರ ಮುಗಿದದ್ದು 1953ರಲ್ಲಿ, ಮಾಂಸದ ಪಡಿತರ 1954ರಲ್ಲಿ. ಜನರಿಗೆ ಅಗ್ಗದ ಆಹಾರ ಬೇಕಿತ್ತು. ಅದನ್ನು ಒದಗಿಸುವ ವಿಜ್ಞಾನವೂ ಸಿದ್ಧವಾಗಿತ್ತು. ಮೊದಲು ಕೋಳಿಗಳನ್ನು ಸದಾ ಒಳಗೇ ಕೂಡಿಹಾಕಿದರೆ ಬಿಸಿಲಿಲ್ಲದೆ ಅವುಗಳ ಮೂಳೆ ಮೆತ್ತಗಾಗುತ್ತಿತ್ತು. 1920ರ ದಶಕದಲ್ಲಿ ವಿಟಮಿನ್ ಡಿ ಬಗ್ಗೆ ತಿಳಿದ ಮೇಲೆ ಅದನ್ನು ಮೇವಿನಲ್ಲೇ ಬೆರೆಸಿದರು, ಬಿಸಿಲಿನ ಅಗತ್ಯ ತಪ್ಪಿತು. ಹಗಲು ದೀರ್ಘವಾದಷ್ಟೂ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆ. ಹಾಗಾಗಿ ವಿದ್ಯುದ್ದೀಪದಿಂದ ಹಗಲನ್ನು ಉದ್ದ ಮಾಡಿದರು. ಗುಂಪಿನಲ್ಲಿ ಹರಡುವ ರೋಗಗಳಿಗೆ ಪ್ರತಿಜೈವಿಕಗಳು ಬಂದವು. ಅಂಗಳದ ಕೋಳಿ ತಂತಿ ಪಂಜರ ಸೇರಿತು.

ಚಿತ್ರದ ಕೋಳಿಗಳು ಇನ್ನೂ ಪಂಜರ ಸೇರಿಲ್ಲ. ಅವುಗಳಿಗೆ ಗೂಡಿದೆ, ಅಂಗಳವಿದೆ. ಹಳೆಯ ಪದ್ಧತಿ ಯಂತ್ರದ ಪದ್ಧತಿಗೆ ತಿರುಗುವ ಆ ಗಳಿಗೆಯನ್ನೇ ಚಿತ್ರ ಹಿಡಿದಿದೆ. ಮುಂದೇನಾಯಿತೆಂದು ನಮಗೆ ಗೊತ್ತು. 1964ರಲ್ಲಿ ರೂತ್ ಹ್ಯಾರಿಸನ್ ಅವರು 'ಅನಿಮಲ್ ಮೆಷಿನ್ಸ್' ಎಂಬ ಪುಸ್ತಕದಲ್ಲಿ ಈ ಸಾಕಣೆಯನ್ನು ವಿವರಿಸಿದಾಗ ಬ್ರಿಟನ್ನಿನ ಜನ ಬೆಚ್ಚಿಬಿದ್ದರು. ಸರ್ಕಾರ ನೇಮಿಸಿದ ಬ್ರಾಂಬೆಲ್ ಸಮಿತಿ 1965ರಲ್ಲಿ ವರದಿ ಕೊಟ್ಟಿತು. ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ಸವರಿಕೊಳ್ಳಲು, ಕೈಕಾಲು ಚಾಚಲು ಅವಕಾಶವಿರಬೇಕು ಎಂದಿತು. ಎಷ್ಟು ಸಣ್ಣ ಬೇಡಿಕೆ ನೋಡಿ! ಆದರೂ ಯುರೋಪಿನಲ್ಲಿ ದೀರ್ಘಕಾಲ ಒಂದು ಕೋಳಿಗೆ ನಿಗದಿಯಾಗಿದ್ದ ಕನಿಷ್ಠ ಜಾಗ 450 ಚದರ ಸೆಂ.ಮೀ. ಒಂದು ಎ4 ಕಾಗದದ ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಬರಿಯ ತಂತಿ ಪಂಜರಗಳನ್ನು ನಿಷೇಧಿಸುವ ನಿರ್ಣಯವನ್ನು ಯುರೋಪಿಯನ್ ಒಕ್ಕೂಟ ಕೈಗೊಂಡದ್ದು ಈ ಚಿತ್ರ ಬರುವ ಹಿಂದಿನ ವರ್ಷ, 1999ರಲ್ಲಿ. ಅದು ಪೂರ್ಣವಾಗಿ ಜಾರಿಗೆ ಬಂದದ್ದು 2012ರಲ್ಲಿ. ನಮ್ಮಲ್ಲೂ ಭಾರತದ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯನ್ನು ಮೊಟ್ಟೆ ಕೋಳಿ ಮತ್ತು ಮಾಂಸದ ಕೋಳಿಗಳ ಸಾಕಣೆ, ಸಾಗಣೆಗಳಿಗೇ ಮೀಸಲಿಟ್ಟಿತು.

ಎಡ್ವಿನಾಳ ಕಥೆಯೂ ಉತ್ಪ್ರೇಕ್ಷೆಯಲ್ಲ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ಇಂದಿನ ಮೊಟ್ಟೆ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಇಡುತ್ತದೆ. ಕೋಳಿ ಹಲವು ವರ್ಷ ಬದುಕಬಲ್ಲ ಪಕ್ಷಿ. ಆದರೆ ನಮ್ಮ ಫಾರಂಗಳಲ್ಲಿ ಸಾಮಾನ್ಯವಾಗಿ 72 ವಾರಗಳ ಸುಮಾರಿಗೆ, ಮೊಟ್ಟೆ ಕಡಿಮೆಯಾಗುತ್ತಿದ್ದಂತೆ, ಅದನ್ನು ಮಾಂಸಕ್ಕೆ ಮಾರುತ್ತಾರೆ. ಕೊಡಲಿ ಹಿಡಿದವರಲ್ಲಿ ಯಾರೂ ದುಷ್ಟರಲ್ಲ, ಲೆಕ್ಕ ಹಾಗಿದೆ, ಅಷ್ಟೆ.

ಚಿತ್ರದ ಒಂದು ಕೊರತೆ ಇಲ್ಲೇ ಇದೆ. ಅದು ಎಲ್ಲ ಕೆಡುಕನ್ನೂ ಒಬ್ಬ ಸಿಡುಕಿನ ಹೆಂಗಸಿನ ಮೇಲೆ ಹೊರಿಸುತ್ತದೆ. ಅವಳು ಸೋತರೆ ಕಥೆ ಸುಖಾಂತ್ಯ. ವಾಸ್ತವದಲ್ಲಿ ಅಗ್ಗದ ಮೊಟ್ಟೆ ಬೇಕೆನ್ನುವ ನಾವೆಲ್ಲರೂ ಆ ಕೇಂದ್ರದ ಪಾಲುದಾರರು. ಆ ಅಗ್ಗದ ಮೊಟ್ಟೆಯೇ ಬಡ ಮಗುವಿಗೆ ಸುಲಭವಾಗಿ ಸಿಗುವ ಉತ್ತಮ ಪ್ರೋಟೀನ್ ಎಂಬುದೂ ನಿಜ. ನಮ್ಮ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಸೇರಿದಾಗ ಅದರ ಅಗತ್ಯವನ್ನು ಕಂಡಿದ್ದೇವೆ. ಆದ್ದರಿಂದ ಪ್ರಶ್ನೆ ಸುಲಭದ್ದಲ್ಲ. ಮಗುವಿನ ಹಸಿವು, ಕೋಳಿಯ ನೋವು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯನ್ನು ವಿಜ್ಞಾನವೇ ಹುಡುಕಬೇಕು.

ಹಾರಲಾಗದವರು ಹಾರಿದ್ದು

ಜಿಂಜರ್ ಒಂಟಿಯಾಗಿ ಎಂದೋ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಎಲ್ಲರೂ ಹೊರಬೀಳಬೇಕು ಎಂಬುದು ಅದರ ಹಟ. ಜೊತೆಯವರಿಗೆ ಅದು ಹೇಳುವ ಮಾತಿನ ಸಾರ ಇಷ್ಟು: ಬೇಲಿ ಕೇಂದ್ರದ ಸುತ್ತ ಮಾತ್ರ ಇಲ್ಲ, ನಮ್ಮ ತಲೆಯೊಳಗೂ ಇದೆ. ಹೆಣಿಗೆ ಹಾಕುತ್ತ ಕೂರುವ ಬ್ಯಾಬ್ಸ್‌ಗೆ ಎಡ್ವಿನಾ ರಜೆಗೆ ಹೋಗಿದ್ದಾಳೆ ಎಂದೇ ನಂಬಿಕೆ! ಅನ್ಯಾಯಕ್ಕೆ ಇನ್ನೊಂದು ಹೆಸರಿಟ್ಟುಕೊಂಡು ನೆಮ್ಮದಿಯಾಗಿರುವವರನ್ನು ನಾವೂ ಕಂಡಿಲ್ಲವೆ?

ಅಷ್ಟರಲ್ಲಿ ಅಮೆರಿಕದ ಸರ್ಕಸ್ಸಿನ ಹುಂಜ ರಾಕಿ ಬೇಲಿ ಮೇಲಿಂದ ಹಾರಿ ಬಂದು ಬೀಳುತ್ತದೆ. ತಮಗೂ ಹಾರುವುದನ್ನು ಕಲಿಸು ಎಂದು ಕೋಳಿಗಳು ದುಂಬಾಲು ಬೀಳುತ್ತವೆ. ರಾಕಿ ಹಾರಿದ್ದು ರೆಕ್ಕೆಯಿಂದಲ್ಲ, ಸರ್ಕಸ್ಸಿನ ಫಿರಂಗಿಯಿಂದ ಎಂಬ ಸತ್ಯ ಬಹಳ ತಡವಾಗಿ ಹೊರಬೀಳುತ್ತದೆ. ಪವಾಡ ಪುರುಷನಿಗೆ ಕಾದು ಕುಳಿತರೆ ಆಗುವುದು ಇಷ್ಟೇ. ವಾಯುಪಡೆಯ ಬಡಾಯಿ ಕೊಚ್ಚುವ ಮುದಿ ಹುಂಜ ಫೌಲರ್ ಕೂಡ ವಿಮಾನ ನಡೆಸಿದ್ದಲ್ಲ, ಅಲ್ಲಿ ಶುಭಚಿಹ್ನೆಯಾಗಿ ಇದ್ದದ್ದು.

ಕೆಂಪು ಕಾಡುಕೋಳಿಯಾಗಲಿ, ನಮ್ಮ ಮಲೆನಾಡಿನ ಬೂದು ಕಾಡುಕೋಳಿಯಾಗಲಿ ಅಪಾಯ ಕಂಡರೆ ಬುರ್ರನೆ ಹಾರಿ ಮರ ಸೇರುತ್ತದೆ. ಸಾಕುಕೋಳಿಯ ಹಳದಿ ಚರ್ಮದ ಜೀನ್ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರ ಅಧ್ಯಯನವೊಂದು ತೋರಿಸಿತು. ಆದರೆ ತಲೆಮಾರುಗಳ ಆಯ್ಕೆಯಿಂದ ಸಾಕುಕೋಳಿಯ ಮೈ ಭಾರವಾಯಿತು. ರೆಕ್ಕೆಯ ವಿಸ್ತೀರ್ಣ ಆ ಭಾರಕ್ಕೆ ತಕ್ಕಷ್ಟು ಬೆಳೆಯಲಿಲ್ಲ. ಹಾಗಾಗಿ ಚಿತ್ರದ ಕೋಳಿಗಳು ಎಷ್ಟು ರೆಕ್ಕೆ ಬಡಿದರೂ ಹಾರಲಾರವು. ಅವು ಮಾಡುವುದೇನು? ತಮ್ಮನ್ನು ಕೂಡಿಹಾಕಿದ ಗೂಡುಗಳ ಹಲಗೆಗಳನ್ನೇ ಕಿತ್ತು ವಿಮಾನ ಕಟ್ಟುತ್ತವೆ. ಲೆಕ್ಕ ಹಾಕುವವಳು ಕನ್ನಡಕದ ಮ್ಯಾಕ್, ನಡೆಸುವವನು ಹೆದರಿಕೆಯನ್ನು ಒಪ್ಪಿಕೊಂಡ ಫೌಲರ್, ಪೆಡಲ್ ತುಳಿಯುವವರು ಎಲ್ಲರೂ. ಬಿಡಿಯಾಗಿ ಯಾರಿಗೂ ಆಗದ್ದು ಒಟ್ಟಾಗಿ ಆಯಿತು. ತಂತ್ರಜ್ಞಾನ ಎರಡು ಬಗೆಯಲ್ಲಿ ಇಲ್ಲಿ ಕಾಣುತ್ತದೆ, ಮಾಲೀಕರ ಪೈ ಯಂತ್ರವಾಗಿ, ಕೋಳಿಗಳ ವಿಮಾನವಾಗಿ. ಎರಡರಲ್ಲೂ ಹಲ್ಲುಚಕ್ರಗಳಿವೆ. ಯಾರಿಗಾಗಿ ತಿರುಗುತ್ತವೆ ಎಂಬುದರಲ್ಲಿ ವ್ಯತ್ಯಾಸ.

ಮುಂದೆ ನಡೆದದ್ದು

ಸುಮಾರು 4.5 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಪ್ರಪಂಚದಾದ್ಯಂತ 22 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಕಂಪ್ಯೂಟರ್ ಆನಿಮೇಷನ್ ಎಲ್ಲೆಡೆ ಹಬ್ಬುತ್ತಿದ್ದ ಕಾಲದಲ್ಲಿ ಕೈಕೆಲಸದ ಚಿತ್ರವೊಂದು ಹೀಗೆ ಗೆದ್ದದ್ದು ದೊಡ್ಡ ಸಂಗತಿ. ಪೂರ್ಣಾವಧಿ ಆನಿಮೇಷನ್ ಚಿತ್ರಗಳಿಗೆ ಪ್ರತ್ಯೇಕ ಆಸ್ಕರ್ ಪ್ರಶಸ್ತಿ ಆರಂಭವಾದದ್ದು ಅದರ ಮರುವರ್ಷದ ಚಿತ್ರಗಳಿಂದ. ಆರ್ಡ್‌ಮನ್‌ನ ಇನ್ನೊಂದು ಚಿತ್ರ 'ದಿ ಕರ್ಸ್ ಆಫ್ ದಿ ವೇರ್-ರ‍್ಯಾಬಿಟ್' (2005) ಆ ಪ್ರಶಸ್ತಿ ಪಡೆಯಿತು. ಅದೇ 2005ರ ಅಕ್ಟೋಬರಿನಲ್ಲಿ ಬ್ರಿಸ್ಟಲ್‌ನ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಗೊಂಬೆಗಳು, ರಂಗಸಜ್ಜಿಕೆಗಳು ಸುಟ್ಟುಹೋದವು. 2018ರಲ್ಲಿ ಲಾರ್ಡ್ ಮತ್ತು ಸ್ಪ್ರಾಕ್ಸ್‌ಟನ್ ಸಂಸ್ಥೆಯ ಹೆಚ್ಚಿನ ಪಾಲನ್ನು ದುಡಿಯುವವರ ಹೆಸರಿನ ಟ್ರಸ್ಟ್‌ಗೆ ವಹಿಸಿದರು. ಮೊಟ್ಟೆ ಯಾರದೆಂದು ಕೇಳಿದ ಕಥೆಯನ್ನು ಹೇಳಿದವರು ಕೈಗೊಂಡ ಈ ನಿರ್ಧಾರ ಗಮನಾರ್ಹ.

2023ರ ಡಿಸೆಂಬರಿನಲ್ಲಿ 'ಚಿಕನ್ ರನ್: ಡಾನ್ ಆಫ್ ದಿ ನಗೆಟ್' ಬಂತು. ನಿರ್ದೇಶಕ ಸ್ಯಾಮ್ ಫೆಲ್. ಇದರಲ್ಲಿ ಜಿಂಜರ್‌ಳ ಮಗಳು ಮಾಲಿ ಬಣ್ಣಬಣ್ಣದ ಹೊಸ ಕೇಂದ್ರವೊಂದಕ್ಕೆ ಹೋಗಿ ಸಿಕ್ಕಿಬೀಳುತ್ತದೆ. ಹೆದರಿದ ಕೋಳಿಯ ಮಾಂಸ ಗಟ್ಟಿಯಾಗುತ್ತದೆಂದು ಅಲ್ಲಿ ಕೋಳಿಗಳ ಕೊರಳಿಗೆ ಪಟ್ಟಿ ಕಟ್ಟಿ, ಸದಾ ನಗುನಗುತ್ತ ಇರುವಂತೆ ಮಾಡಿರುತ್ತಾರೆ. ಮೊದಲ ಚಿತ್ರದ ಸೆರೆಮನೆಯಲ್ಲಿ ಭಯವಿತ್ತು, ಇಲ್ಲಿ ಸಂತೋಷವೇ ಸೆರೆಮನೆ. ಬೇಲಿ ತಲೆಯೊಳಗೂ ಇದೆ ಎಂದು ತಾಯಿ ಹೇಳಿದ ಮಾತು ಮಗಳ ಕಾಲಕ್ಕೆ ಅಕ್ಷರಶಃ ನಿಜವಾಗಿದೆ.

ನೀವು ಮಕ್ಕಳೊಂದಿಗೆ ಈ ಚಿತ್ರ ನೋಡಿದರೆ ಎಡ್ವಿನಾಳ ದೃಶ್ಯ ಬಂದಾಗ ಅವರು ಪ್ರಶ್ನೆ ಕೇಳುವುದು ಖಂಡಿತ. ಆಗ ಅವಳು ರಜೆಗೆ ಹೋದಳು ಎನ್ನಬೇಡಿ. ಇನ್ನೊಂದು ಕೆಲಸ ಮಾಡಿ. ಕೋಳಿಗಳ ಮುಖ ತೆರೆಯ ತುಂಬ ಬಂದಾಗ ಚಿತ್ರವನ್ನು ಒಂದು ಕ್ಷಣ ನಿಲ್ಲಿಸಿ, ಕೆನ್ನೆ ಕೊಕ್ಕುಗಳ ಮೇಲೆ ಕಣ್ಣಾಡಿಸಿ. ಪ್ಲಾಸ್ಟಿಸಿನ್ ಮೇಲೆ ಅಲ್ಲಲ್ಲಿ ಬೆರಳಿನ ಗುರುತುಗಳು ಕಾಣುತ್ತವೆ. ಹೆಸರಿಲ್ಲದ ಯಾವನೋ ಕಲಾವಿದ, ಆ ಒಂದು ಚೌಕಟ್ಟಿಗಾಗಿ, ಆ ಕೋಳಿಯ ದುಃಖ ಎಷ್ಟಿರಬಹುದೆಂದು ಯೋಚಿಸಿ ಒತ್ತಿದ ಗುರುತು ಅದು. ಮಕ್ಕಳಿಗೆ ಅದನ್ನು ತೋರಿಸಿ.